ಸಂಘದ ಮಾತು ಸದಸ್ಯರಿಗೆ ತಲುಪುವುದು ಹೇಗೆ?

(ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು ಹಾಗೂ ಆಡಳಿತ ಮಂಡಳಿ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ವಿಸ್ತರಣಾ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.)



ನನ್ನನ್ನು ಮಾತಿಗೆ ಕರೆದಾಗಲೆಲ್ಲ ಕೆಚ್ಚಲು ಬಾವು, ಹಸಿರು ಮೇವು, ಖನಿಜ ಮಿಶ್ರಣ ಇಂಥ ವಿಷಯಗಳನ್ನೇ ಕೊಡುವುದು ವಾಡಿಕೆ. ಈ ಸಲ ಆಮಂತ್ರಣದಲ್ಲಿ "ಸಾರ್ವಜನಿಕ ಸಂಪರ್ಕ" ಎಂದು ಬರೆದಿದ್ದಾರೆ. ಇದು ಪೇಟೆಯ ದೊಡ್ಡ ಕಂಪನಿಗಳವರ ಕೆಲಸ, ಹಸುವಿನ ಡಾಕ್ಟರಿಗೂ ಇದಕ್ಕೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ವಿದ್ಯೆಯನ್ನು ಮೂವತ್ತೈದು ವರ್ಷಗಳ ಕಾಲ ಕಾಲೇಜಿನಲ್ಲಿ ಕಲಿಸಿದ ಒಬ್ಬ ದೊಡ್ಡ ಮೇಷ್ಟ್ರು ಅದರ ಮೊದಲ ಪಾಠವನ್ನು ಕಲಿತದ್ದು ರೈತರ ಹತ್ತಿರ ಎಂದು ತಿಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಅದು 2013ನೇ ಇಸವಿ. ಆಗ ನಾನು ಮೂವತ್ತರ ಆಸುಪಾಸಿನ ಉತ್ಸಾಹಿ ಡಾಕ್ಟರ್. ಒಂದು ಊರಿನಲ್ಲಿ, ಹೆಸರು ಬೇಡ, ಕಾಲುಬಾಯಿ ಜ್ವರದ ಲಸಿಕೆ ಹಾಕುವ ಶಿಬಿರ ಏರ್ಪಡಿಸಿದ್ದೆ. ಕರಪತ್ರ ಹಂಚಿಸಿದೆ. ಆಟೋಗೆ ಮೈಕು ಕಟ್ಟಿಸಿ ಹಿಂದಿನ ದಿನವೇ ಊರೆಲ್ಲ ಸಾರಿಸಿದೆ. ಡೈರಿಯ ಗೋಡೆಗೆ ದೊಡ್ಡ ಅಕ್ಷರದ ಪೋಸ್ಟರ್ ಅಂಟಿಸಿದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಐಸ್ ಪೆಟ್ಟಿಗೆಯಲ್ಲಿ ಲಸಿಕೆ ಇಟ್ಟುಕೊಂಡು ಹೋದರೆ, ಊರಿನ ದನಗಳಲ್ಲಿ ಕಾಲು ಭಾಗವೂ ಬರಲಿಲ್ಲ. ಎರಡು ಗಂಟೆಯವರೆಗೆ ಕಾದು, ಉಳಿದ ಲಸಿಕೆ ಕಟ್ಟಿಕೊಂಡು ವಾಪಸು ಬಂದೆ. ವರದಿಯಲ್ಲಿ "ರೈತರ ಅಸಹಕಾರ ಹಾಗೂ ತಿಳಿವಳಿಕೆಯ ಕೊರತೆಯಿಂದ ನಿರೀಕ್ಷಿತ ಪ್ರಗತಿ ಆಗಿರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ಇಂಥ ವಾಕ್ಯಗಳನ್ನು ಬರೆಯುವುದು ನಮಗೆ ಬಹಳ ಚೆನ್ನಾಗಿ ಬರುತ್ತದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ಹೇಗೆ ಹಬ್ಬಿತೆಂಬುದು ತಮಗೆಲ್ಲ ನೆನಪಿದೆ. ಆ ಊರಿಗೂ ಬಂತು. ಬಾಯಲ್ಲಿ ಜೊಲ್ಲು ಸುರಿಸುತ್ತ, ಗೊರಸು ಹುಣ್ಣಾಗಿ ನಿಲ್ಲಲಾರದೆ ಮಲಗಿದ ಮಿಶ್ರತಳಿ ಹಸುಗಳು, ಮೊಲೆಯ ಹತ್ತಿರ ಹೋಗಿ ಹಾಲು ಕುಡಿದ ಕರು ಮರುದಿನ ನಿಂತಲ್ಲೇ ಬಿದ್ದು ಸಾಯುವುದು, ಇವನ್ನು ಕಣ್ಣಾರೆ ಕಂಡವರಿಗೆ ವಿವರಿಸಬೇಕಾಗಿಲ್ಲ. ಒಂದು ಮನೆಯ ಕೊಟ್ಟಿಗೆಯಲ್ಲಿ ಎರಡು ಹಸು ಮಲಗಿದ್ದವು. ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ, ಮಂಡಿಯೂರಿ ಕೂತು ಹಸುವಿನ ಬಾಯಿಗೆ ರಾಗಿ ಗಂಜಿ ಹುಯ್ಯುತ್ತಿದ್ದರು. ನಾನು ಸುಮ್ಮನಿರಲಾರದೆ, "ಅವತ್ತು ಲಸಿಕೆ ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲವಲ್ಲ ಅಜ್ಜಿ" ಎಂದುಬಿಟ್ಟೆ. ಆ ಹೊತ್ತಿನಲ್ಲಿ ಆಡಬಾರದ ಮಾತು. ಅಲ್ಲದೆ ಪೂರ್ತಿ ನಿಜವೂ ಅಲ್ಲ, ಲಸಿಕೆ ಹಾಕಿಸಿಕೊಂಡ ಕೆಲವು ದನಗಳಿಗೂ ಆ ಸಲ ಜ್ವರ ಬಂದಿತ್ತು.

ಅಜ್ಜಿ ತಲೆ ಎತ್ತದೆಯೇ ಕೇಳಿದರು: "ಡಾಕ್ಟ್ರೇ, ಆ ಸೂಜಿ ಹಾಕಿದ್ರೆ ಹಾಲು ಇಳೀತದೆ ಅಂತ ನಿಮಗೆ ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತಮ್ಮ. ಎರಡು ಮೂರು ದಿನ ಸ್ವಲ್ಪ ಇಳಿಯುತ್ತೆ."

"ಮತ್ತೆ ಆ ಚೀಟೀಲಿ ಯಾಕೆ ಬರೀಲಿಲ್ಲ?"

ನನ್ನ ಹತ್ತಿರ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಬರೆದರೆ ಜನ ಬರುವುದಿಲ್ಲ ಎಂಬ ಭಯದಿಂದ ನಾನು ಬೇಕೆಂದೇ ಬಿಟ್ಟಿದ್ದೆ. ಆದರೆ ಅದು ಅವರಿಗೆ ಮೊದಲೇ ಗೊತ್ತಿತ್ತು. ಹಿಂದಿನ ಸುತ್ತಿನಲ್ಲಿ ಅನುಭವಿಸಿದ್ದರು. ಗೊತ್ತಿರುವ ಒಂದು ಸಂಗತಿಯನ್ನೇ ಡಾಕ್ಟರು ಮುಚ್ಚಿಟ್ಟರೆ, ಚೀಟಿಯಲ್ಲಿ ಬರೆದ ಉಳಿದ ಹತ್ತು ಮಾತನ್ನು ಯಾಕೆ ನಂಬಬೇಕು? ಅಜ್ಜಿ ಇನ್ನೂ ಎರಡು ಮಾತು ಹೇಳಿದರು. ಹನ್ನೊಂದು ಗಂಟೆಗೆ ದನ ಹೊಲದ ಕಡೆ ಹೋಗಿರುತ್ತವೆ, ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಕೆಚ್ಚಲು ಮುಟ್ಟಿದರೇ ಒದೆಯುವ ಹಸುವನ್ನು ಮುದುಕಿಯೊಬ್ಬಳು ಊರ ಬಾಗಿಲಿಗೆ ಹಿಡಿದುಕೊಂಡು ಬರುವುದಾದರೂ ಹೇಗೆ? ಮತ್ತೆ, ಅವರ ಒಂದು ಹಸು ತುಂಬು ಗಬ್ಬದಲ್ಲಿತ್ತು. ಸೂಜಿ ಹಾಕಿಸಿದರೆ ಕಂದು ಹಾಕುತ್ತದೇನೋ ಎಂದು ಅವರು ಕೇಳಬೇಕೆಂದಿದ್ದರು. ಕೇಳುವುದು ಯಾರನ್ನು? ಆಟೋದ ಮೇಲಿನ ಮೈಕನ್ನೇ?

ಪಶುವೈದ್ಯ ಪದವಿಯಲ್ಲಿ ನಮಗೆ ವಿಸ್ತರಣೆ ಎಂಬ ಒಂದು ವಿಷಯವಿರುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಸಾಕು ಎಂದು ಓದುವ ವಿಷಯ. ಅದರಲ್ಲಿ ಎವರೆಟ್ ರೋಜರ್ಸ್ ಎಂಬ ಅಮೆರಿಕದ ವಿದ್ವಾಂಸರು 1962ರಲ್ಲಿ ಬರೆದ ಪ್ರಸಿದ್ಧ ಪುಸ್ತಕದ ಪಾಠ ಬರುತ್ತದೆ. ಹೊಸ ಪದ್ಧತಿಯನ್ನು ಒಪ್ಪುವ ವೇಗಕ್ಕೆ ತಕ್ಕಂತೆ ಜನರನ್ನು ಐದು ವರ್ಗ ಮಾಡಿ, ಎಲ್ಲರಿಗಿಂತ ಮೊದಲು ಧೈರ್ಯ ಮಾಡುವವರಿಂದ ಹಿಡಿದು ಎಲ್ಲರಿಗಿಂತ ಕೊನೆಗೆ ಬರುವವರವರೆಗೆ ಹೆಸರಿಟ್ಟಿದ್ದಾರೆ. ನಾನು ಆ ಅಜ್ಜಿಯನ್ನು ಐದನೆಯ ವರ್ಗಕ್ಕೆ ಹಾಕಿ ಕೈ ತೊಳೆದುಕೊಂಡಿದ್ದೆ. ರೋಜರ್ಸ್ ಅವರೇ ತಮ್ಮ ಪುಸ್ತಕದ ನಂತರದ ಆವೃತ್ತಿಯಲ್ಲಿ, ಹೊಸತನ್ನು ಒಪ್ಪದವನದೇ ತಪ್ಪು ಎಂದು ನೋಡುವ ಚಾಳಿ ಈ ಶಾಸ್ತ್ರಕ್ಕೆ ಅಂಟಿಕೊಂಡಿದೆ ಎಂದು ಎಚ್ಚರಿಸಿದ್ದಾರೆ. ಆ ಭಾಗವನ್ನು ನಾನು ಓದಿರಲಿಲ್ಲ.

ಈಗ ಆ ಮೇಷ್ಟ್ರ ವಿಷಯ. ಅವರ ಹೆಸರು ಜೇಮ್ಸ್ ಗ್ರೂನಿಗ್. ಅಮೆರಿಕದ ಅಯೋವಾದಲ್ಲಿ ಕೃಷಿ ಪತ್ರಿಕೋದ್ಯಮ ಓದಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರ ಮಾಡಿ, 1968ರಲ್ಲಿ ಸಮೂಹ ಸಂವಹನದಲ್ಲಿ ಡಾಕ್ಟರೇಟ್ ಪಡೆದವರು. ಅಂದರೆ ಓದಿನಿಂದ ಅವರು ನಮ್ಮ ಕಡೆಯವರೇ. 1960ರ ದಶಕದ ಕೊನೆಗೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶಕ್ಕೆ ಹೋಗಿ ಎರಡು ವರ್ಷ ಅಲ್ಲಿನ ರೈತರ ನಡುವೆ ಅಧ್ಯಯನ ನಡೆಸಿದರು. ದೊಡ್ಡ ಜಮೀನುದಾರರೂ ತುಂಡು ಭೂಮಿಯ ಸಣ್ಣ ರೈತರೂ ನಿರ್ಧಾರ ತೆಗೆದುಕೊಳ್ಳುವುದು ಹೇಗೆ, ಮಾಹಿತಿಯನ್ನು ಬಳಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಇಲಾಖೆಗಳು ಎಷ್ಟು ಹೇಳಿದರೂ ಬಡ ರೈತ ಬದಲಾಗುವುದಿಲ್ಲ, ಅವನು ಹಿಂದುಳಿದವನು, ಸಂಪ್ರದಾಯಕ್ಕೆ ಅಂಟಿಕೊಂಡವನು ಎಂಬ ಮಾತು ಆಗ ಎಲ್ಲೆಡೆ ಇತ್ತು. ಗ್ರೂನಿಗ್ ಕಂಡದ್ದು ಬೇರೆ. ಹೇಳಿದ್ದನ್ನು ಮಾಡಲು ಆ ರೈತನ ಹತ್ತಿರ ಭೂಮಿಯಿಲ್ಲ, ಸಾಲ ಸಿಗುವುದಿಲ್ಲ, ಬೆಳೆದದ್ದಕ್ಕೆ ಮಾರುಕಟ್ಟೆಯಿಲ್ಲ. ಇದನ್ನು ಅವನು ಹೇಳಲು ಹೋದರೆ ಕೇಳುವವರಿಲ್ಲ. ಸಂವಹನ ಸೋತದ್ದಕ್ಕೆ ರೈತರಿಗಿಂತ ಹೆಚ್ಚಾಗಿ ಅವರೊಂದಿಗೆ ಮಾತನಾಡಲು ಹೊರಟ ಸಂಸ್ಥೆಗಳೇ ಕಾರಣ ಎಂಬ ತೀರ್ಮಾನಕ್ಕೆ ಬಂದರು.

1969ರಲ್ಲಿ ಅವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಸಂಪರ್ಕದ ಅಧ್ಯಾಪಕರಾದರು. 2005ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಕಲಿಸಿದರು. ಪತ್ನಿ ಲಾರಿಸ್ಸಾ ಗ್ರೂನಿಗ್ ಕೂಡ ಅದೇ ವಿಷಯದ ಅಧ್ಯಾಪಕಿ. ರೈತರನ್ನು ಬಿಟ್ಟು ಕಂಪನಿಗಳ ಸಂಪರ್ಕಾಧಿಕಾರಿಗಳನ್ನು ತಯಾರು ಮಾಡುವ ಕೆಲಸಕ್ಕೆ ಹೋದರಲ್ಲ ಎಂದು ತಾವು ಅಂದುಕೊಳ್ಳಬೇಡಿ. ಕೊಲಂಬಿಯಾದಲ್ಲಿ ಹುಟ್ಟಿದ ಪ್ರಶ್ನೆಯನ್ನೇ ಅವರು ಕಂಪನಿ, ಸರ್ಕಾರಿ ಇಲಾಖೆ, ಸಂಘಸಂಸ್ಥೆಗಳಿಗೆ ಕೇಳುತ್ತ ಹೋದರು. ಸಂಸ್ಥೆಯೊಂದು ಜನರ ಜೊತೆ ಹೇಗೆ ಮಾತನಾಡುತ್ತದೆ? ಯಾಕೆ ಹಾಗೆ ಮಾತನಾಡುತ್ತದೆ?

1984ರಲ್ಲಿ ಟಾಡ್ ಹಂಟ್ ಅವರ ಜೊತೆ ಬರೆದ ಪಠ್ಯಪುಸ್ತಕದಲ್ಲಿ ಅವರು ನಾಲ್ಕು ಬಗೆ ಹೇಳಿದ್ದಾರೆ. ಮೊದಲನೆಯದು ತಮಟೆ ಬಾರಿಸುವುದು. ಹೇಗಾದರೂ ಜನರ ಗಮನ ಸೆಳೆದರೆ ಸಾಕು, ಹೇಳಿದ್ದು ನಿಜವೋ ಸುಳ್ಳೋ ಬೇಕಾಗಿಲ್ಲ. ಹತ್ತೊಂಬತ್ತನೇ ಶತಮಾನದ ಸರ್ಕಸ್ ಮಾಲೀಕ ಬಾರ್ನಮ್ ಇದಕ್ಕೆ ಅವರ ಉದಾಹರಣೆ. ಎರಡನೆಯದು ಸುತ್ತೋಲೆ ಹೊರಡಿಸುವುದು. ನಿಜವನ್ನೇ ಹೇಳುತ್ತದೆ, ಆದರೆ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ. ಮೂರನೆಯದರಲ್ಲಿ ಸಂಸ್ಥೆ ಜನರನ್ನು ವಿಚಾರಿಸುತ್ತದೆ, ಸಮೀಕ್ಷೆ ಮಾಡುತ್ತದೆ. ಆದರೆ ಅದು ಅವರನ್ನು ತನ್ನ ದಾರಿಗೆ ತರುವ ಉಪಾಯ ತಿಳಿಯಲಿಕ್ಕೆ. ತಾನು ಮಾತ್ರ ಬದಲಾಗುವುದಿಲ್ಲ. ನಾಲ್ಕನೆಯದರಲ್ಲಿ ಎರಡೂ ಕಡೆಯವರು ಮಾತನಾಡುತ್ತಾರೆ, ಎರಡೂ ಕಡೆಯವರು ಬದಲಾಗಲು ತಯಾರಿರುತ್ತಾರೆ.

ನನ್ನ ಆಟೋ ಮೈಕು ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಎರಡನೆಯದೆಂದು ಹೇಳಿಕೊಳ್ಳುವ ಆಸೆ. ಆದರೆ ಹಾಲು ಇಳಿಯುವ ವಿಷಯ ಮುಚ್ಚಿಟ್ಟದ್ದರಿಂದ ಅದು ಅರ್ಧ ಮೊದಲನೆಯದೇ.

ನಾಲ್ಕನೆಯ ಬಗೆ ಬರೀ ಆದರ್ಶ, ಹಣ ಅಧಿಕಾರ ಇರುವ ಕಂಪನಿ ಬಡ ಜನರ ಮುಂದೆ ಸಮನಾಗಿ ಕೂತು ಮಾತನಾಡುವುದುಂಟೇ ಎಂದು ಹಲವು ವಿದ್ವಾಂಸರು ಗ್ರೂನಿಗ್ ಅವರನ್ನು ಟೀಕಿಸಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಖಾಸಗಿ ಕಂಪನಿಗೆ ಮಾಲೀಕ ಬೇರೆ, ಗಿರಾಕಿ ಬೇರೆ. ಆದರೆ ನಮ್ಮ ಸಂಘದಲ್ಲಿ ಹಾಲು ಹಾಕುವವನೇ ಮಾಲೀಕ. ಕಾರ್ಯದರ್ಶಿ, ಟೆಸ್ಟರ್, ಡಾಕ್ಟರು ಎಲ್ಲರೂ ಅವನ ಹಾಲಿನ ದುಡ್ಡಿನಲ್ಲಿ ಸಂಬಳ ತೆಗೆದುಕೊಳ್ಳುವವರು. ಮಾಲೀಕನ ಮಾತು ಕೇಳುವುದನ್ನು ನಾವು ಆದರ್ಶ ಎಂದು ಕರೆಯುವುದಾದರೆ ತಪ್ಪು ಎಲ್ಲಿದೆ ಎಂದು ತಾವೇ ಯೋಚಿಸಿ.

1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ಸಂಘ ಹುಟ್ಟಿದ್ದೇ ರೈತರ ದೂರನ್ನು ಕೇಳಿದ್ದರಿಂದ. 1949ರಲ್ಲಿ ಆಣಂದಕ್ಕೆ ಬಂದ ಕುರಿಯನ್ ಅವರ ಕಾಲದಲ್ಲಿ ಅಮುಲ್ ಜಾಹೀರಾತು ದೇಶಕ್ಕೆಲ್ಲ ಪ್ರಸಿದ್ಧವಾಯಿತು. ಅದು ಬೆಣ್ಣೆ ಕೊಳ್ಳುವ ಪೇಟೆಯವರಿಗೆ. ಹಾಲು ಹಾಕುವವನ ನಂಬಿಕೆ ಗಳಿಸಿದ್ದು ಜಾಹೀರಾತಲ್ಲ. ಅವನ ಕಣ್ಣೆದುರಿಗೇ ಫ್ಯಾಟ್ ಟೆಸ್ಟ್ ಮಾಡಿ, ಜಾತಿ ಅಂತಸ್ತು ನೋಡದೆ ಒಂದೇ ಸಾಲಿನಲ್ಲಿ ನಿಲ್ಲಿಸಿ, ಬೆಳಗಿನ ಹಾಲಿನ ದುಡ್ಡನ್ನು ಸಂಜೆಗೆ ಕೊಟ್ಟ ಪದ್ಧತಿ. ಇವತ್ತು ನಮ್ಮ ಸಂಘಗಳಲ್ಲಿ ಯಂತ್ರ ಬಂದಿದೆ, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲ ಅಚ್ಚಾದ ಚೀಟಿ ಕೈಗೆ ಬರುತ್ತದೆ. ಆ ಚೀಟಿಯೇ ದಿನಕ್ಕೆರಡು ಸಲ ಸಂಘ ಸದಸ್ಯನ ಜೊತೆ ಆಡುವ ಮಾತು. ಯಂತ್ರವನ್ನು ಕಾಲಕಾಲಕ್ಕೆ ಸರಿಹೊಂದಿಸದೆ ಬಿಟ್ಟು, "ನನ್ನ ಫ್ಯಾಟ್ ಯಾಕೆ ಇಳಿದಿದೆ" ಎಂದು ಕೇಳಿದವನಿಗೆ "ಮಿಷನ್ ಹೇಳಿದ್ದು ಅಷ್ಟೇ" ಎಂದು ಉತ್ತರ ಕೊಟ್ಟರೆ, ಆಮೇಲೆ ವಾರ್ಷಿಕ ಮಹಾಸಭೆಯಲ್ಲಿ ಎಷ್ಟು ಹಾರ ಹಾಕಿ ಭಾಷಣ ಮಾಡಿದರೂ ಪ್ರಯೋಜನವಿಲ್ಲ.

ಆಣಂದದ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. 1976ರ "ಮಂಥನ್" ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ನಿರ್ಮಾಪಕರಾದರು. ಶ್ಯಾಮ್ ಬೆನೆಗಲ್ ನಿರ್ದೇಶನ. ಅದರಲ್ಲಿ ಸಂಘ ಕಟ್ಟಲು ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ ಪಾತ್ರ ಮಾಡಿದವರು ನಮ್ಮ ಗಿರೀಶ ಕಾರ್ನಾಡರು. ನಮ್ಮ ಅನಂತ್ ನಾಗ್ ಕೂಡ ಇದ್ದಾರೆ. ಆ ಡಾಕ್ಟರ್ ಒಳ್ಳೆಯವನು, ಪ್ರಾಮಾಣಿಕ. ಆದರೂ ಕೊನೆಗೆ ವರ್ಗವಾಗಿ ಹೋಗುತ್ತಾನೆ, ಸಂಘವನ್ನು ಉಳಿಸಿಕೊಳ್ಳುವ ಕೆಲಸ ಊರಿನವರ ಮೇಲೇ ಬೀಳುತ್ತದೆ. ನಾವು ಡಾಕ್ಟರುಗಳು ವರ್ಷಕ್ಕೊಮ್ಮೆಯಾದರೂ ನೋಡಬೇಕಾದ ಚಿತ್ರ.

ಗ್ರೂನಿಗ್ ಅವರ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮೂರು ಪ್ರಶ್ನೆಗಳು. ಒಬ್ಬ ಮನುಷ್ಯ ಒಂದು ವಿಷಯಕ್ಕೆ ಕಿವಿಗೊಡುತ್ತಾನೋ ಇಲ್ಲವೋ ಎಂಬುದು ಇವುಗಳ ಮೇಲೆ ನಿಂತಿದೆಯಂತೆ. ಇದು ತೊಂದರೆ ಎಂದು ಅವನಿಗೆ ಕಾಣುತ್ತಿದೆಯೇ? ಇದು ತನಗೆ ಸಂಬಂಧಪಟ್ಟದ್ದು ಎಂದು ಅನ್ನಿಸಿದೆಯೇ? ತಾನು ಏನಾದರೂ ಮಾಡಬಲ್ಲೆ ಎಂಬ ಭರವಸೆ ಇದೆಯೇ, ಅಥವಾ ಕೈ ಕಟ್ಟಿಹಾಕುವ ಅಡ್ಡಿಗಳೇ ಕಾಣುತ್ತವೆಯೇ? ಅಜ್ಜಿಗೆ ಮೊದಲಿನ ಎರಡೂ ಇದ್ದವು. ಕಾಲುಬಾಯಿ ಜ್ವರ ಏನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಹಸುಗಳು ಅವರ ಜೀವ. ಇದ್ದದ್ದು ಅಡ್ಡಿಗಳು. ಹೊತ್ತು ಸರಿಯಿಲ್ಲ, ಹಿಡಿಯುವವರಿಲ್ಲ, ಗಬ್ಬದ ಭಯ, ಹಾಲು ಇಳಿಯುವ ನಷ್ಟ. ನಾನು ಮಾತ್ರ "ಕಾಲುಬಾಯಿ ಜ್ವರ ಮಾರಕ ರೋಗ" ಎಂದು ಮೈಕಿನಲ್ಲಿ ಅವರಿಗೆ ಗೊತ್ತಿದ್ದದ್ದನ್ನೇ ಕೂಗಿಸಿದ್ದೆ. ಸಂಘದ ಪುಸ್ತಕದಲ್ಲಿ ಹೆಸರಿರುವುದು ಅನೇಕ ಮನೆಗಳಲ್ಲಿ ಗಂಡಸಿನದು. ಹಾಲು ಕರೆಯುವುದು, ಸಗಣಿ ಬಾಚುವುದು, ಬೆದೆ ಗುರುತಿಸುವುದು ಹೆಂಗಸರು. ನಮ್ಮ ಸಭೆಯ ನೋಟೀಸು ಮಾತ್ರ ಪುಸ್ತಕದಲ್ಲಿರುವ ಹೆಸರಿಗೇ ಹೋಗುತ್ತದೆ.

ಇಲ್ಲಿ ಒಬ್ಬ ಭಾರತೀಯ ವಿದ್ವಾಂಸರ ಹೆಸರನ್ನೂ ಹೇಳಬೇಕು. ಕೃಷ್ಣಮೂರ್ತಿ ಶ್ರೀರಮೇಶ್ ಅವರು ಮೇರಿಲ್ಯಾಂಡಿನಲ್ಲೇ ಸಂಶೋಧನೆ ಮಾಡಿ, 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ಸಂಸ್ಥೆಗಳನ್ನು ಒಳಹೊಕ್ಕು ನೋಡಿದರು. ಇಲ್ಲಿ ಈ ನಾಲ್ಕು ಬಗೆಯಲ್ಲದೆ ಇನ್ನೊಂದು ಬಲವಾಗಿ ನಡೆಯುತ್ತದೆ, ಅದು ವ್ಯಕ್ತಿಗತ ಪ್ರಭಾವ ಎಂದು ತೋರಿಸಿದರು. ಬೇಕಾದವರ ಪರಿಚಯ ಬೆಳೆಸುವುದು, ಆದರೋಪಚಾರ ಮಾಡುವುದು, ಸಣ್ಣಪುಟ್ಟ ಉಪಕಾರ ಮಾಡಿ ಋಣದಲ್ಲಿಟ್ಟುಕೊಳ್ಳುವುದು. ಯಾಕೆ ನಗುತ್ತೀರಿ? ನಮ್ಮ ಸಂಘಗಳಲ್ಲಿ ಇದು ಹೇಗೆ ನಡೆಯುತ್ತದೆಂದು ನನಗಿಂತ ತಮಗೇ ಚೆನ್ನಾಗಿ ಗೊತ್ತು. ಇದು ಪೂರ್ತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಾರ್ಯದರ್ಶಿಗೆ ಪ್ರತಿ ಮನೆಯ ಹಸುವಿನ ಹೆಸರು ಗೊತ್ತಿರುವುದು, ರಾತ್ರಿ ಕರು ಅಡ್ಡವಾದಾಗ ಫೋನ್ ಮಾಡಿದರೆ ಡಾಕ್ಟರು ಎದ್ದು ಬರುವುದು ಸಹ ವ್ಯಕ್ತಿಗತ ಪ್ರಭಾವವೇ. ಆದರೆ ಕಾರ್ಯದರ್ಶಿಯ ಕಡೆಯವರಿಗೆ ಹಿಂಡಿ ಮೊದಲು, ಇನ್ನೊಂದು ಬೀದಿಯವರಿಗೆ "ಸ್ಟಾಕ್ ಇಲ್ಲ" ಎಂದಾದಾಗ ಅದೇ ಪ್ರಭಾವ ಸಂಘವನ್ನು ಒಡೆಯುತ್ತದೆ. ಬೇರೆ ಸಂಘಕ್ಕೋ ಖಾಸಗಿ ಡೈರಿಗೋ ಹಾಲು ಹೋಗಲು ಶುರುವಾಗುವುದು ಬಹಳ ಸಲ ಅಲ್ಲಿಂದಲೇ.

ಗ್ರೂನಿಗ್ ದಂಪತಿಗಳು ಮತ್ತು ಸಂಗಡಿಗರು 1985ರಿಂದ ಹಲವು ವರ್ಷ ಅಮೆರಿಕ, ಕೆನಡಾ, ಬ್ರಿಟನ್ನಿನ 300ಕ್ಕೂ ಹೆಚ್ಚು ಸಂಸ್ಥೆಗಳನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ ಕಂಡ ಒಂದು ಸಂಗತಿಯನ್ನು ನಿರ್ದೇಶಕರ ಗಮನಕ್ಕೆ ತರುತ್ತೇನೆ. ಜನರ ಮಾತು ಕೇಳಿಸಿಕೊಂಡು ಬರುವವನಿಗೆ ತೀರ್ಮಾನ ತೆಗೆದುಕೊಳ್ಳುವವರ ಮೇಜಿನ ಹತ್ತಿರ ಜಾಗವಿಲ್ಲದಿದ್ದರೆ ಅವನು ಕೇಳಿಸಿಕೊಂಡು ಬಂದದ್ದು ವ್ಯರ್ಥ. ನಮ್ಮ ವಿಸ್ತರಣಾಧಿಕಾರಿಗಳ ಮಾಸಿಕ ವರದಿಯಲ್ಲಿ ಎಷ್ಟು ಸಭೆ, ಎಷ್ಟು ಕರಪತ್ರ, ಎಷ್ಟು ಲಸಿಕೆ ಎಂಬ ಕಲಂಗಳಿವೆ. ಸದಸ್ಯರು ಏನು ಕೇಳಿದರು ಎಂಬ ಕಲಂ ಇಲ್ಲ. ಸೇರಿಸಬೇಕೆಂದು ಈ ವೇದಿಕೆಯಿಂದಲೇ ವಿನಂತಿಸುತ್ತೇನೆ.

ಆ ಊರಿಗೆ ಮುಂದಿನ ಸುತ್ತಿಗೆ ಹೋಗುವ ಮೊದಲು ನಾನು ಮೈಕು ಕಟ್ಟಲಿಲ್ಲ. ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಯ ಜಗಲಿ ಮೇಲೆ ಮೂರು ದಿನ ಸುಮ್ಮನೆ ಕೂತೆ. ಮೊದಲ ದಿನ ಯಾರೂ ಮಾತನಾಡಲಿಲ್ಲ. ಎರಡನೇ ದಿನ ಒಬ್ಬ ಹೆಣ್ಣುಮಗಳು ಕ್ಯಾನು ಕೆಳಗಿಟ್ಟು, "ಸೂಜಿ ಹಾಕಿದ ಜಾಗ ಗಂಟು ಕಟ್ಟುತ್ತಲ್ಲ ಸಾರ್, ಅದು ಕರಗ್ತದಾ?" ಎಂದರು. ಆಮೇಲೆ ಮಾತು ತಾನಾಗಿಯೇ ಬಂತು. ಸಮಯವನ್ನು ಬೆಳಿಗ್ಗೆ ಆರು ಗಂಟೆಗೆ, ದನ ಕೊಟ್ಟಿಗೆಯಲ್ಲಿರುವಾಗಲೇ ಎಂದು ಬದಲಾಯಿಸಿದೆವು. ಮನೆಮನೆಗೆ ಹೋಗಿ ಹಾಕಿದೆವು. ತುಂಬು ಗಬ್ಬದ ಹಸುಗಳ ಪಟ್ಟಿಯನ್ನು ಕಾರ್ಯದರ್ಶಿ ಮೊದಲೇ ಬರೆದಿಟ್ಟರು, ಕರು ಹಾಕಿದ ಮೇಲೆ ಅವುಗಳಿಗೆಂದೇ ಇನ್ನೊಂದು ದಿನ ಬಂದೆವು. ಕರಪತ್ರದ ಮೊದಲ ಸಾಲೇ "ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ" ಎಂದಿತ್ತು. ಆ ಸಲ ಉಳಿದ ದನ ಕೆಲವೇ ಕೆಲವು. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಲಸಿಕೆ ಉಚಿತವಾಗಿ ಆರು ತಿಂಗಳಿಗೊಮ್ಮೆ ಬರುತ್ತಿದೆ, ಆದರೂ ಆ ಊರಿನಲ್ಲಿ ಈಗಲೂ ನಾವು ಮೊದಲು ಜಗಲಿ ಮೇಲೆ ಕೂರುತ್ತೇವೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಅಲ್ಲಿಂದ ಫೋನು ಮಾಡಿ ಲಸಿಕೆ ಯಾವಾಗ ಎಂದು ಕೇಳಿದರು.

ಅಜ್ಜಿ ಇನ್ನೊಂದು ಕೇಳಿದ್ದರು. ಎಲ್ಲರ ಒಳ್ಳೆಯದಕ್ಕಾಗಿ ಸೂಜಿ ಹಾಕಿಸಿ ಮೂರು ದಿನ ಹಾಲು ಕಡಿಮೆಯಾದರೆ, ಆ ನಷ್ಟವನ್ನು ಡೈರಿ ಯಾಕೆ ತುಂಬಿಕೊಡಬಾರದು? ಅದನ್ನು ನಾನು ಮೇಲಕ್ಕೆ ಬರೆದೆ. ಯಾವ ಹಸು ಎಷ್ಟು ಇಳಿಸಿತೆಂದು ಲೆಕ್ಕ ಹಿಡಿಯುವುದು ಕಷ್ಟ, ಹಣದ ವ್ಯವಸ್ಥೆಯಿಲ್ಲ ಎಂದು ಉತ್ತರ ಬಂತು. ಅದನ್ನು ಬಚ್ಚಿಡದೆ ಹೋಗಿ ಹೇಳಿದೆ. "ಆಗ್ಲಿ, ಮುಂದಿನ ಸಲ ಮತ್ತೆ ಕೇಳ್ತೀನಿ" ಎಂದರು. ಇವತ್ತಿನವರೆಗೂ ಕೇಳುತ್ತಿದ್ದಾರೆ, ನಾನೂ ಬರೆಯುತ್ತಿದ್ದೇನೆ.

ಮುಂದಿನ ಸುತ್ತಿನ ಲಸಿಕೆಗೆ ಮೊದಲು ಪ್ರತಿ ಸಂಘದ ಕಾರ್ಯದರ್ಶಿಗಳೂ ಒಂದು ಕೆಲಸ ಮಾಡಿಕೊಡಬೇಕೆಂದು ಕೋರುತ್ತೇನೆ. ಹಾಲು ಹಾಕಲು ಬರುವ ಹೆಂಗಸರನ್ನು ಎರಡು ಸಂಜೆ ವಿಚಾರಿಸಿ, ತಮ್ಮ ಊರಿಗೆ ಯಾವ ಹೊತ್ತು ಅನುಕೂಲ, ಯಾರ ಮನೆಯಲ್ಲಿ ತುಂಬು ಗಬ್ಬದ ಹಸುವಿದೆ, ಅವರ ಸಂಶಯಗಳೇನು ಎಂದು ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದು ಶಿಬಿರ ಕಚೇರಿಗೆ ಕಳುಹಿಸಿ. ಅಕ್ಷರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ.  ಈಗ ತಾವು ಹೇಳಿ, ನಾನು ಕೂತು ಕೇಳುತ್ತೇನೆ.